ಬಸಿರು ತಡೆಯಲು ವಂಕಿ (ಕಾಪರ್-ಟಿ), ಗುಳಿಗೆ, ಸೂಜಿ ಎಲ್ಲಾ ಬಿಟ್ಟು ನೇರ ಆಪರೇಷನ್‌ಗೇ ಯಾಕೆ ಹೋಗ್ತಾರೆ?

ಪ್ರಶ್ನೆ: ಕುಪ್ಪಸ ಹೊಲಿಯುವಾಕೆ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನನ್ನ ತವರು ಶಹಾಪುರದ ಕಡೆ. ಮದುವೆಯಾಗಿ ಕಲಬುರಗಿಗೆ ಬಂದು ಮೂರು ವರ್ಷ ಆಯಿತು. ನನಗೆ ಈಗ 24. ಎಂಟು ತಿಂಗಳ ಮಗ ಇದ್ದಾನೆ, ಸಿಜೇರಿಯನ್ ಆಗಿ ಹುಟ್ಟಿದವನು. ಇನ್ನೂ ಎದೆಹಾಲು ಕುಡಿಯುತ್ತಾನೆ. ನಮ್ಮ ಯಜಮಾನರು ಪುಣೆಯಲ್ಲಿ ಟೈಲ್ಸ್ ಕೂರಿಸುವ ಕೆಲಸ ಮಾಡುತ್ತಾರೆ. ಪಂಚಮಿಗೆ, ದೀಪಾವಳಿಗೆ, ಯುಗಾದಿಗೆ ಊರಿಗೆ ಬರುತ್ತಾರೆ. ಬಂದರೆ ಎಂಟು-ಹತ್ತು ದಿನ ಇರುತ್ತಾರೆ.

ನಮ್ಮ ಅತ್ತೆ ಕೆಟ್ಟವರಲ್ಲ. ಬಾಣಂತನ ಚೆನ್ನಾಗಿ ಮಾಡಿದರು. ಆದರೆ ಈಗ ದಿನಾ ಒಂದೇ ಮಾತು. "ಲಗೂನ ಇನ್ನೊಂದ್ ಆಗ್ಲಿ. ಎರಡೂ ಕೂಡೇ ದೊಡ್ಡವಾಗ್ತಾವ. ಆಮ್ಯಾಗ ಆಪರೇಷನ್ ಮಾಡ್ಸಿ ಬಿಡಮು, ಕಿರಿಕಿರಿ ಇರಂಗಿಲ್ಲ." ನಮ್ಮ ನೆಗೆಣ್ಣಿಗೆ 23ನೇ ವಯಸ್ಸಿಗೇ ಆಪರೇಷನ್ ಆಗಿದೆ. ಹೆರಿಗೆ ಮಾಡಿಸಿದ ಡಾಕ್ಟರು ನನಗೆ, ಹೊಟ್ಟೆ ಕೊಯ್ದಿದೆ, ಮುಂದಿನದಕ್ಕೆ ಅವಸರ ಮಾಡಬೇಡಮ್ಮ ಅಂದಿದ್ದರು. ನನಗೂ ಇವನು ಅಂಗನವಾಡಿಗೆ ಹೋಗುವ ತನಕ ಇನ್ನೊಂದು ಬೇಡ.

ನಾನು ಮನೆಯಲ್ಲೇ ಕುಪ್ಪಸ ಹೊಲಿಯುತ್ತೇನೆ. ಅಳತೆ ಕೊಡೋಕೆ ಬಂದವರು ಕೂತು ಮಾತಾಡಿ ಹೋಗುತ್ತಾರೆ. ಈ ತಿಂಗಳು ನಾನು ಧೈರ್ಯ ಮಾಡಿ ಕೇಳಲು ಶುರು ಮಾಡಿದೆ. ಎರಡು ಮಕ್ಕಳ ನಡುವೆ ಏನು ಬಳಸಿದ್ರಿ ಅಂತ. ಹನ್ನೆರಡು ಜನರನ್ನು ಕೇಳಿದೆ. ಹತ್ತು ಜನರಿಗೆ ಆಪರೇಷನ್ ಆಗಿದೆ. ಎಲ್ಲರಿಗೂ 27ರ ಒಳಗೇ. ನಡುವೆ ಏನಾದರೂ ಬಳಸಿದವರು ಇಬ್ಬರೇ. ಒಬ್ಬಾಕೆ ವಂಕಿ ಹಾಕಿಸಿ ನಾಲ್ಕು ತಿಂಗಳಿಗೆ ತೆಗೆಸಿದಳು. ಇನ್ನೊಬ್ಬಾಕೆ ಗುಳಿಗೆ ನುಂಗಿ ವಾಂತಿ ಬಂತು ಅಂತ ಎರಡನೇ ತಿಂಗಳಿಗೆ ಬಿಟ್ಟಳು. ಉಳಿದವರು "ಏನಿಲ್ಲವ್ವ, ದೇವರು ಕೊಟ್ಟಂಗ ಆಯ್ತು" ಅಂದರು.

ನನ್ನ ಪ್ರಶ್ನೆ ಎರಡು. ನಮ್ಮ ಕಡೆ ಬೇಕಾದಾಗ ಬಿಡಬಹುದಾದ ವಿಧಾನ ಯಾರೂ ಯಾಕೆ ಬಳಸಲ್ಲ? ಮತ್ತೆ, ವರ್ಷಕ್ಕೆ ಮೂರು ಸಲ ಮಾತ್ರ ಗಂಡ ಬರುವ ನನ್ನಂಥವಳಿಗೆ ಯಾವುದು ಸರಿ? ದೀಪಾವಳಿ ಹತ್ತಿರ ಬಂತು. ದಯವಿಟ್ಟು ಹೇಳಿ.

ಉತ್ತರ: ನಿವೃತ್ತ ಸಿಸ್ಟರ್, ಸುರಪುರ

ತಂಗಿ, ಹನ್ನೆರಡು ಜನರನ್ನು ಕೂಡಿಸಿ ಕೇಳಿದೆಯಲ್ಲ, ಅದಕ್ಕೆ ನಿನಗೆ ಶರಣು. ನಾನು 31 ವರ್ಷ ಉಪಕೇಂದ್ರದಲ್ಲಿ ದಾದಿ, ಅಂದರೆ ಎಎನ್‌ಎಂ ಆಗಿದ್ದೆ. 2020ರಲ್ಲಿ ನಿವೃತ್ತಿ ಆಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಬಿಡುವಾದಾಗ ಓದು.

ನಿನ್ನ ಹೊಲಿಗೆ ಮಷಿನ್ ಮುಂದೆ ಸಿಕ್ಕ ಲೆಕ್ಕ ಇಡೀ ರಾಜ್ಯದ ಲೆಕ್ಕದ ಹಾಗೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡು. ಕರ್ನಾಟಕದಲ್ಲಿ 15ರಿಂದ 49 ವರ್ಷದ, ಮದುವೆಯಾದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 68.7 ಜನ ಏನಾದರೊಂದು ವಿಧಾನ ಬಳಸುತ್ತಿದ್ದರು. ಅದರಲ್ಲಿ 57.4 ಹೆಣ್ಣಿನ ಆಪರೇಷನ್ ಒಂದೇ. ಅಂದರೆ ವಿಧಾನ ಬಳಸುವ ಆರು ಜನರಲ್ಲಿ ಐದು ಜನ. ಇಡೀ ದೇಶದಲ್ಲಿ ಅದು 37.9. ದೇಶದ ಲೆಕ್ಕದಲ್ಲಿ ನಿರೋಧ್ 9.5, ಗುಳಿಗೆ 5.1, ವಂಕಿ 2.1. ಗಂಡಸರ ಆಪರೇಷನ್ 0.3. ಈ ಕೊನೇ ಅಂಕಿ ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಗಂಡಸರದು ಹೊಟ್ಟೆ ಕೊಯ್ಯದ, ಸಣ್ಣ ಆಪರೇಷನ್. ಆದರೂ ಭಾರ ಎಲ್ಲ ಹೆಣ್ಣಿನ ಹೊಟ್ಟೆಯ ಮೇಲೇ.

ಯಾಕೆ ಹೀಗಾಯಿತು ಅಂತ ಕೇಳಿದೆ. ಅದರಲ್ಲಿ ನಮ್ಮ ಪಾಲೂ ಇದೆ. ನಾನು 1989ರಲ್ಲಿ ಕೆಲಸಕ್ಕೆ ಸೇರಿದಾಗ ಎಲ್ಲದಕ್ಕೂ ಟಾರ್ಗೆಟ್ ಇತ್ತು. ಮಾರ್ಚ್ ತಿಂಗಳು ಬಂದರೆ ಎದೆ ಡವಡವ ಅನ್ನುತ್ತಿತ್ತು. ಅರ್ಹ ದಂಪತಿಗಳ ರಿಜಿಸ್ಟರ್ ಹಿಡಿದು ಮನೆ ಮನೆ ತಿರುಗುವುದು, ಎರಡು ಮಕ್ಕಳಾದವರನ್ನು ಜೀಪಿನಲ್ಲಿ ಕೂರಿಸಿ ಕ್ಯಾಂಪಿಗೆ ಕರೆದೊಯ್ಯುವುದು. ವಂಕಿ ಹಾಕಿದರೆ ಇವತ್ತು ಇರುತ್ತದೆ, ನಾಳೆ ತೆಗೆಸುತ್ತಾಳೆ. ಗುಳಿಗೆ ಕೊಟ್ಟರೆ ನುಂಗಿದಳೋ ಇಲ್ಲವೋ. ಆಪರೇಷನ್ ಆದರೆ ಆ ಹೆಸರಿನ ಮುಂದೆ ಗೆರೆ ಎಳೆದು ಬಿಡಬಹುದು. 1996ರಲ್ಲಿ ಸರ್ಕಾರ ಟಾರ್ಗೆಟ್ ತೆಗೆದು ಹಾಕಿತು. ಆದರೆ ನಮ್ಮ ನಾಲಿಗೆಗೆ ಅಂಟಿದ ಮಾತು ಬೇಗ ಹೋಗಲಿಲ್ಲ. "ಎರಡು ಆದವಲ್ಲ, ಮಾಡ್ಸ್ಕೊಂಡ್ ಬಿಡು" ಅಂತಲೇ ಅನ್ನುತ್ತಿದ್ದೆವು. ನಡುವಿನ ವರ್ಷಗಳಿಗೆ ಏನು ಮಾಡಬೇಕು ಅಂತ ಕೂತು ಹೇಳಿದ್ದು ಬಹಳ ಕಡಿಮೆ.

ಇನ್ನೊಂದು ಕಾರಣಕ್ಕೆ ನಾನೇ ಸಾಕ್ಷಿ. ಹತ್ತಿ ಬಿಡಿಸುವ ಕಾಲ. ಒಂದೇ ಮಗುವಿನ ತಾಯಿಗೆ ವಂಕಿ ಹಾಕಿದ್ದೆ. ಮೊದಲ ಮೂರು ತಿಂಗಳು ಮುಟ್ಟು ಜಾಸ್ತಿ ಹೋಗಬಹುದು, ಹೊಟ್ಟೆ ಹಿಡಿಯಬಹುದು, ಆಮೇಲೆ ಕಡಿಮೆ ಆಗುತ್ತದೆ ಅಂತ ಹೇಳಲೇ ಇಲ್ಲ. ಹೊರಗೆ ಇನ್ನೂ ಜನ ಕಾಯುತ್ತಿದ್ದರು, ಅವಸರದಲ್ಲಿ ಬಿಟ್ಟುಬಿಟ್ಟೆ. ಎರಡನೇ ತಿಂಗಳು ಆಕೆಗೆ ರಕ್ತ ಜಾಸ್ತಿ ಹೋಗಿ ಹೆದರಿ, ಬಿಸಿಲಲ್ಲಿ ನಾಲ್ಕು ಕಿಲೋಮೀಟರ್ ನಡೆದು ಉಪಕೇಂದ್ರಕ್ಕೆ ಬಂದಿದ್ದಾಳೆ. ನಾನು ಮೀಟಿಂಗಿಗೆ ಹೋಗಿದ್ದೆ. ಬಾಗಿಲಿಗೆ ಬೀಗ. ಕಟ್ಟೆ ಮೇಲೆ ಸಂಜೆತನಕ ಕೂತು ವಾಪಸ್ ಹೋಗಿದ್ದಾಳೆ. ಮರುದಿನ ಬೇರೆ ಕಡೆ ತೆಗೆಸಿಕೊಂಡಳು. ಆ ಓಣಿಯಲ್ಲಿ "ವಂಕಿ ಎದಿಗೆ ಏರ್ತಾದಂತ" ಅನ್ನುವ ಮಾತು ಹುಟ್ಟಿತು. ಆಮೇಲೆ ಆ ಓಣಿಯಿಂದ ಒಬ್ಬಳೂ ವಂಕಿಗೆ ಬರಲಿಲ್ಲ. ವಂಕಿ ಎದೆಗೆ ಏರುವುದಿಲ್ಲ ತಂಗಿ, ಅದು ಇರುವುದು ಗರ್ಭಕೋಶದ ಒಳಗೆ. ಆದರೆ ಬೀಗ ಹಾಕಿದ ಬಾಗಿಲು ನೋಡಿದವಳಿಗೆ ಯಾರು ಹೇಳಬೇಕು?

ನಿನ್ನ ಗಿರಾಕಿಗೂ ಇದೇ ಆಗಿರಬೇಕು. ನಾಲ್ಕು ತಿಂಗಳಿಗೆ ತೆಗೆಸಿದಳು ಅಂದೆಯಲ್ಲ. ಇನ್ನು ಸ್ವಲ್ಪ ತಡೆದಿದ್ದರೆ ಸರಿಹೋಗುತ್ತಿತ್ತೇನೋ. ಆದರೆ ತಡಿ ಅನ್ನಲು ಯಾರಾದರೂ ಪಕ್ಕದಲ್ಲಿರಬೇಕಲ್ಲ.

ಈಗ ನಿನ್ನ ವಿಷಯ. ಎದೆಹಾಲು ಕುಡಿಸುವಾಗ ಬಸಿರಾಗಲ್ಲ ಅನ್ನುವುದನ್ನು ನಂಬಬೇಡ. ಅದಕ್ಕೆ ಮೂರೂ ಕೂಡಿರಬೇಕು: ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲು ರಾತ್ರಿ ಬರೀ ಎದೆಹಾಲೇ ಕುಡಿಯುತ್ತಿರಬೇಕು, ಮುಟ್ಟು ಶುರುವಾಗಿರಬಾರದು. ನಿನ್ನ ಮಗನಿಗೆ ಎಂಟು ತಿಂಗಳು. ಆ ಕಾಲ ಮುಗಿಯಿತು. ಮುಟ್ಟು ಬರದೆಯೂ ಬಸಿರಾಗಬಹುದು.

ವಂಕಿಯಲ್ಲಿ ಐದು ವರ್ಷದ್ದು, ಹತ್ತು ವರ್ಷದ್ದು ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತವೆ. ಬೇಡ ಅಂದ ದಿನ ತೆಗೆಸಬಹುದು, ಮುಂದಿನ ತಿಂಗಳಿಂದಲೇ ಬಸಿರಾಗಬಹುದು. ಸಿಜೇರಿಯನ್ ಆದವರಿಗೂ ಹಾಕುತ್ತಾರೆ. ನಿನಗೆ ರಕ್ತ ಕಡಿಮೆ ಇದ್ದರೆ ಮಾತ್ರ ಮೊದಲು ಪರೀಕ್ಷೆ ಮಾಡಿಸಿಕೊಂಡು ಕೇಳು. ನಮ್ಮ ಭಾಗದ ಹೆಣ್ಣುಮಕ್ಕಳಿಗೆ ರಕ್ತದ್ದೇ ದೊಡ್ಡ ಕೊರತೆ.

ಸೂಜಿ ಅಂದರೆ ಅಂತರಾ. ಮೂರು ತಿಂಗಳಿಗೊಮ್ಮೆ. 2017ರಿಂದ ಸರ್ಕಾರ ಪುಕ್ಕಟೆ ಕೊಡುತ್ತಿದೆ. ಹಾಲಿಗೆ ತೊಂದರೆ ಇಲ್ಲ. ಚುಚ್ಚಿದ ಜಾಗ ತಿಕ್ಕಬಾರದು, ಬಿಸಿ ಬಟ್ಟೆ ಇಡಬಾರದು. ಇದನ್ನು ಮರೆಯಬೇಡ, ನಮ್ಮ ಹೆಣ್ಣುಮಕ್ಕಳು ಸೂಜಿ ಮಾಡಿಸಿ ಬಂದ ಕೂಡಲೇ ಉಜ್ಜುತ್ತಾರೆ. ಉಜ್ಜಿದರೆ ಔಷಧಿ ಬೇಗ ಖಾಲಿಯಾಗುತ್ತದೆ. ಅಂತರಾದಲ್ಲಿ ಮುಟ್ಟು ಏರುಪೇರು ಆಗುತ್ತದೆ, ಬರಬರುತ್ತಾ ನಿಂತೇ ಹೋಗಬಹುದು. ನಿಂತ ರಕ್ತ ಒಳಗೆ ಗಡ್ಡೆ ಕಟ್ಟುತ್ತದೆ ಅಂತ ಹೆದರುವವರು ಬಹಳ. ಕಟ್ಟುವುದಿಲ್ಲ. ಆ ತಿಂಗಳು ಗರ್ಭಕೋಶದ ಒಳಪೊರೆ ಬೆಳೆದೇ ಇರುವುದಿಲ್ಲ, ಹೋಗಲು ಏನೂ ಇರುವುದಿಲ್ಲ. ಒಂದು ಮಾತು ಮಾತ್ರ ನೆನಪಿಡು. ಸೂಜಿ ಬಿಟ್ಟ ಮೇಲೆ ಬಸಿರಾಗಲು ಕೊನೇ ಸೂಜಿಯಿಂದ ಏಳರಿಂದ ಹತ್ತು ತಿಂಗಳು ಹಿಡಿಯಬಹುದು.

ಗುಳಿಗೆಯಲ್ಲಿ ಛಾಯಾ ಅಂತ ಇದೆ. ಅದರಲ್ಲಿ ಹಾರ್ಮೋನ್ ಇಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದದ್ದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಭಾನುವಾರ ಶುರು ಮಾಡಿದರೆ ಭಾನುವಾರ-ಬುಧವಾರ, ಮುಂದೆ ಬರೀ ಭಾನುವಾರ. ಬಾಣಂತಿಯರಿಗೂ ನಡೆಯುತ್ತದೆ. ಮಾಲಾ-ಎನ್ ದಿನಾ ನುಂಗುವುದು, 28 ಗುಳಿಗೆಯ ಪಟ್ಟಿ, ಅದರಲ್ಲಿ ಕೊನೆಯ ಏಳು ಕಬ್ಬಿಣದ್ದು. ಮಗುವಿಗೆ ಆರು ತಿಂಗಳಾದ ಮೇಲೆ ಅದನ್ನೂ ತಗೊಳ್ಳಬಹುದು. ಬಿಪಿ ಇದ್ದರೆ ಬೇಡ. ವಾಂತಿ ಬಂದು ಬಿಟ್ಟ ಆ ನಿನ್ನ ಗಿರಾಕಿಗೆ ಹೇಳು, ರಾತ್ರಿ ಊಟ ಆದ ಮೇಲೆ ನುಂಗಿದ್ದರೆ ಬಹಳ ಜನರಿಗೆ ಆ ತ್ರಾಸ ಇರುವುದಿಲ್ಲ.

ಗಂಡ ವರ್ಷಕ್ಕೆ ಮೂವತ್ತು ದಿನ ಬರುತ್ತಾನೆ, ಅದಕ್ಕೆ ವರ್ಷವಿಡೀ ಯಾಕೆ ಅಂತ ನಿನಗೆ ಅನಿಸಬಹುದು. ಗುಳೆ ಹೋದವರ ಮನೆಗಳಲ್ಲಿ ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ನಮ್ಮ ರಿಜಿಸ್ಟರಿನಲ್ಲಿ ಪಂಚಮಿ ಆಗಿ ಎರಡು ತಿಂಗಳಿಗೆ, ದೀಪಾವಳಿ ಆಗಿ ಎರಡು ತಿಂಗಳಿಗೆ ಹೊಸ ಬಸುರಿಯರ ಹೆಸರು ಸಾಲಾಗಿ ಬರುತ್ತಿದ್ದವು. ಆ ಹತ್ತು ದಿನಕ್ಕೆ ನಿರೋಧ್ ಸಾಕು, ಆದರೆ ಪ್ರತಿ ಸಲ ಬಳಸಬೇಕು. ಒಂದು ಸಲವೂ ತಪ್ಪಬಾರದು. ನಿಮ್ಮವರು ಅದಕ್ಕೆ ಒಪ್ಪುತ್ತಾರಾ ಅನ್ನುವುದು ನಿನಗೇ ಗೊತ್ತು. ಒಪ್ಪದಿದ್ದರೆ ವಂಕಿ ನಿನಗೆ ಒಳ್ಳೆಯದು ಅಂತ ನನ್ನ ಮನಸ್ಸು ಹೇಳುತ್ತದೆ. ಹಾಕಿಸಿದ ಮೇಲೆ ಯಾರೂ ನೆನಪಿಸಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಕಾಗಿಲ್ಲ.

ಉತ್ತರ: ಔಷಧಿ ಅಂಗಡಿ, ಸೂಪರ್ ಮಾರ್ಕೆಟ್, ಕಲಬುರಗಿ

ಸಿಸ್ಟರ್ ಹೇಳಿದ ಹಬ್ಬದ ಲೆಕ್ಕ ನನ್ನ ಕೌಂಟರಿನಲ್ಲೂ ಕಾಣುತ್ತದೆ. ಹಬ್ಬದ ಮರುವಾರ 72 ಗಂಟೆಯ ಗುಳಿಗೆ, ಅಂದರೆ ಕೂಡಿದ ಮೇಲೆ ಬಸಿರಾಗದಂತೆ 72 ಗಂಟೆಯೊಳಗೆ ನುಂಗುವ ತುರ್ತು ಗುಳಿಗೆ, ಕೇಳುವವರು ಜಾಸ್ತಿ. ಬರುವವರು ಗಂಡಸರೇ. ಬೇರೆ ಗಿರಾಕಿ ಹೋಗುವ ತನಕ ಪಕ್ಕಕ್ಕೆ ನಿಂತು, ಮೊಬೈಲಿನಲ್ಲಿ ಹೆಸರು ತೋರಿಸುತ್ತಾರೆ. ನಾನು ಕಾಗದದಲ್ಲಿ ಸುತ್ತಿ ಕೊಡುತ್ತೇನೆ.

ಒಬ್ಬ ಹುಡುಗ ಕಳೆದ ವರ್ಷ ಮೂರು ತಿಂಗಳಲ್ಲಿ ಐದು ಸಲ ಬಂದ. ಐದನೇ ಸಲ ನಾನು ಅವನನ್ನು ಒಳಗೆ ಕೂರಿಸಿದೆ. ತಮ್ಮಾ, ಇದು ನಿರೋಧ್ ಹರಿದಾಗ, ಗುಳಿಗೆ ಮರೆತಾಗ, ಅಪರೂಪಕ್ಕೆ ಬಳಸುವುದು. ಇದನ್ನೇ ನಂಬಿ ಕೂತರೆ ಒಂದಿಲ್ಲೊಂದು ಸಲ ಕೈ ಕೊಡುತ್ತದೆ, ಆಕೆಯ ಮುಟ್ಟೂ ಏರುಪೇರಾಗುತ್ತದೆ ಅಂದೆ. ಅವನಿಗೆ ಸಿಟ್ಟು ಬರಲಿಲ್ಲ. "ಮತ್ತ ಬ್ಯಾರೆ ಏನದ ಅಣ್ಣಾ?" ಅಂತ ಕೇಳಿದ. ಮದುವೆಯಾಗಿ ಒಂದೂವರೆ ವರ್ಷ ಆಗಿತ್ತು. ಈ ಪ್ರಶ್ನೆ ಕೇಳಲು ಅವನಿಗೆ ನನ್ನ ಅಂಗಡಿ ಬಿಟ್ಟು ಬೇರೆ ಜಾಗ ಸಿಕ್ಕಿರಲಿಲ್ಲ.

ಇನ್ನೊಂದು ವಿಷಯ ತಂಗಿಗೆ ಮಾತ್ರ ಅಲ್ಲ, ಓದುವ ಎಲ್ಲರಿಗೂ. ಬಸಿರು ತೆಗೆಯುವ ಗುಳಿಗೆಯನ್ನು ಚೀಟಿ ಇಲ್ಲದೆ ಕೇಳಿಕೊಂಡು ಬರುತ್ತಾರೆ. ನಾನು ಕೊಡುವುದಿಲ್ಲ. ಅದು 72 ಗಂಟೆಯ ಗುಳಿಗೆ ಅಲ್ಲ, ಬೇರೆಯೇ. ಡಾಕ್ಟರ್ ನೋಡದೆ ತಗೊಂಡು ರಕ್ತ ನಿಲ್ಲದೆ ಒದ್ದಾಡಿದವರನ್ನು ಕಂಡಿದ್ದೇನೆ. ಗರ್ಭಪಾತಕ್ಕೆ 1971ರಿಂದಲೇ ಕಾನೂನು ಇದೆ. ಕದ್ದು ಮಾಡುವ ಅಗತ್ಯ ಇಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗಿ.

ಉತ್ತರ: ಮಾಸ್ತರ, ಭಾಲ್ಕಿ

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುತ್ತೇನೆ. ಒಂದು ವಿಷಯ ಹೇಳಲೇಬೇಕು. ಸರ್ಕಾರವೇ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದದ್ದು ನಮ್ಮ ನಾಡಿನಲ್ಲಿ, 1930ರಲ್ಲಿ, ಮೈಸೂರು ಸಂಸ್ಥಾನದಲ್ಲಿ. ಆಗ ನಮ್ಮ ಬೀದರ್, ಕಲಬುರಗಿ ನಿಜಾಮರ ಕೈಯಲ್ಲಿದ್ದವು. ದೇಶದ ಕುಟುಂಬ ಯೋಜನೆ ಕಾರ್ಯಕ್ರಮ 1952ರಲ್ಲಿ ಶುರುವಾಯಿತು. ನಿರೋಧ್ 1968ರಲ್ಲಿ ಬಂತು. ಅಂದರೆ ಇದು ನಿನ್ನೆ ಮೊನ್ನೆ ಬಂದ ವಿಷಯ ಅಲ್ಲ. ಆದರೂ ನಮ್ಮ ಮನೆಗಳಲ್ಲಿ ಬಾಯಿ ಬಿಟ್ಟು ಆಡುವ ಮಾತಾಗಿಲ್ಲ.

ನಮಗೆ ಮೊದಲ ಮಗಳು ಹುಟ್ಟಿದ ಮೇಲೆ ಐದು ವರ್ಷ ನಾನು ನಿರೋಧ್ ಬಳಸಿದೆ. ನನ್ನ ಹೆಂಡತಿಗೆ ರಕ್ತ ಕಡಿಮೆ ಇತ್ತು. ವಂಕಿ ಸದ್ಯಕ್ಕೆ ಬೇಡ ಅಂದರು. ನಿರೋಧ್ ಬಳಸಿದರೆ ಸೊಗಸಿಲ್ಲ ಅಂತ ಗೆಳೆಯರು ಹೇಳುತ್ತಿದ್ದರು. ಆಕೆ ಹೆದರಿಕೆ ಇಲ್ಲದೆ ಮಲಗಿದ್ದು ನನಗೆ ಅದಕ್ಕಿಂತ ದೊಡ್ಡದಾಗಿತ್ತು. ಎರಡನೇ ಮಗ ಹುಟ್ಟಿದ ಮೇಲೆ ನಾನೇ ಆಪರೇಷನ್ ಮಾಡಿಸಿಕೊಂಡೆ. ಅವತ್ತೇ ಮನೆಗೆ ಬಂದೆ. ನಮ್ಮ ಅವ್ವ ಎರಡು ದಿನ ಮಾತು ಬಿಟ್ಟಳು. 1975-77ರ ತುರ್ತು ಪರಿಸ್ಥಿತಿಯಲ್ಲಿ ಗಂಡಸರನ್ನು ಹಿಡಿದು ಹಿಡಿದು ಮಾಡಿದ್ದರು ಅನ್ನುವ ಭಯ ಅವಳ ತಲೆಯಲ್ಲಿ ಇನ್ನೂ ಇತ್ತು. ಆ ಭಯ ಸುಳ್ಳಲ್ಲ. ಆದರೆ ಅದರ ಸಾಲವನ್ನು ಇಷ್ಟು ವರ್ಷ ಹೆಣ್ಣುಮಕ್ಕಳೇ ತೀರಿಸುತ್ತಿದ್ದಾರೆ.

ಬಾಂಗ್ಲಾದೇಶದಲ್ಲಿ ಹೆಣ್ಣುಮಕ್ಕಳು ಎಲ್ಲಕ್ಕಿಂತ ಜಾಸ್ತಿ ಬಳಸುವುದು ಗುಳಿಗೆ. ಇಂಡೋನೇಷ್ಯಾದಲ್ಲಿ ಸೂಜಿ. ಅವರೂ ನಮ್ಮ ಹಾಗೆ ಬಡವರೇ, ಹೊಲದಲ್ಲಿ ದುಡಿಯುವವರೇ. ಬಾಂಗ್ಲಾದೇಶದಲ್ಲಿ ಕಾರ್ಯಕರ್ತೆಯರು ವರ್ಷಗಟ್ಟಲೆ ಮನೆ ಬಾಗಿಲಿಗೆ ಗುಳಿಗೆ ಒಯ್ದು ಕೊಟ್ಟರು. ಹಾಗಾಗಿ ನಮ್ಮ ಹೆಣ್ಣುಮಕ್ಕಳಿಗೆ ಗುಳಿಗೆ ಒಗ್ಗಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ತಂಗಿ, ಯಜಮಾನರಿಗೆ ನೀನೇ ಫೋನ್ ಮಾಡಿ ಮಾತಾಡು. ಬಂದ ಮೇಲೆ ಹೇಳೋಣ ಅಂತ ಇಟ್ಟುಕೊಳ್ಳಬೇಡ. ಬಂದ ದಿನ ಮಾತಿಗೆ ಪುರುಸೊತ್ತು ಇರಲ್ಲ.

ಉತ್ತರ: ಕೂಲಿ ಮಾಡುವಾಕೆ, ಅಫಜಲಪುರ

ಎಲ್ಲರೂ ಆಪರೇಷನ್ ಅಂದರೆ ತಪ್ಪು ಅನ್ನುವ ಹಾಗೆ ಬರೆದಿದ್ದೀರಿ. ನನಗೆ ಮೂರನೇದಾದ ಮೇಲೆ ಮಾಡಿಸಿದರು. ನನಗೆ ಆರಾಮ ಆಯಿತು. ಮೂರು ತಿಂಗಳಿಗೊಮ್ಮೆ ಸೂಜಿಗೆ ಹೋಗು ಅಂದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಕಾಯುವಿಕೆ ಬೇರೆ. ಕಬ್ಬು ಕಡಿಯಲು ಹೋದರೆ ಆರು ತಿಂಗಳು ಊರಲ್ಲೇ ಇರಲ್ಲ. ಅಲ್ಲಿ ಸೂಜಿ ಯಾರು ಕೊಡುತ್ತಾರೆ? ಇದನ್ನೂ ಯೋಚಿಸಿ.

ಉತ್ತರ: ನಿವೃತ್ತ ಸಿಸ್ಟರ್, ಸುರಪುರ

ಅವ್ವಾ, ನಿನ್ನ ಮಾತು ನೂರಕ್ಕೆ ನೂರು ನಿಜ. ಮಕ್ಕಳು ಸಾಕು ಅಂತ ತಾನೇ ತೀರ್ಮಾನ ಮಾಡಿದವಳಿಗೆ ಆಪರೇಷನ್ ಒಳ್ಳೆಯದೇ. ನೀನು ತಪ್ಪು ಮಾಡಿಲ್ಲ. ಗುಳೆ ಹೋಗುವವರಿಗೆ ಸೂಜಿ ಕಷ್ಟ ಅನ್ನುವುದೂ ಸರಿ. ಆದರೂ ಹೋದ ಊರಲ್ಲಿ ಅಂತರಾ ಕಾರ್ಡ್ ತೋರಿಸಿದರೆ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕಿಸಬಹುದು. ನಾಲ್ಕು ವಾರ ತಡವಾದರೂ ನಡೆಯುತ್ತದೆ. ತೋಳಿನ ಚರ್ಮದ ಕೆಳಗೆ ಇಡುವ ಕಡ್ಡಿಯೂ ಬಂದಿದೆ. ಮೂರು ವರ್ಷ ಇರುತ್ತದೆ. ಸದ್ಯ ಎಲ್ಲ ಕಡೆ ಸಿಗುತ್ತಿಲ್ಲ. ಅದು ನಮ್ಮ ಹಳ್ಳಿಗಳಿಗೆ ಬಂದರೆ ನಿನ್ನಂಥವರಿಗೇ ಮೊದಲು ಸಿಗಬೇಕು.

ನನ್ನ ಸಂಕಟ 22-23ರ ಹುಡುಗಿಯರದು. ನಾನೇ ಕ್ಯಾಂಪಿಗೆ ಕರೆದೊಯ್ದ ಒಬ್ಬಾಕೆ ಇದ್ದಳು. ಆಗ ಅವಳಿಗೆ 22. ಎರಡು ಗಂಡು ಮಕ್ಕಳು. ಐದು ವರ್ಷದ ಮೇಲೆ ದೊಡ್ಡ ಮಗ ಕೆನಾಲಿನಲ್ಲಿ ಹೋಗಿಬಿಟ್ಟ. ಮೂರು ತಿಂಗಳು ಕಳೆದು ನನ್ನ ಬಳಿ ಬಂದಳು. ಅಳಲಿಲ್ಲ. "ಅಕ್ಕಾ, ಕಟ್ಟಿದ್ದು ಬಿಚ್ಚಲಾಕ ಬರ್ತಾದೇನು?" ಅಂತ ಕೇಳಿದಳು. ಮತ್ತೆ ಜೋಡಿಸುವ ಆಪರೇಷನ್ ಇದೆ, ಆದರೆ ಆಗಿಯೇ ಆಗುತ್ತದೆ ಅಂತ ಹೇಳಲಾಗುವುದಿಲ್ಲ. ಅದಕ್ಕೆ ದೊಡ್ಡ ಊರಿಗೆ ಹೋಗಬೇಕು, ರೊಕ್ಕ ಬೇಕು. ಅವಳ ಬಳಿ ಎರಡೂ ಇರಲಿಲ್ಲ. ಆವತ್ತಿನಿಂದ 25ರ ಒಳಗಿನವರನ್ನು ನಾನು ಮೊದಲು ವಂಕಿ ತೋರಿಸಿಯೇ ಮಾತಾಡಿಸಿದೆ. ಕೈಯಲ್ಲಿ ಕೊಟ್ಟು ಮುಟ್ಟಿ ನೋಡು ಅನ್ನುತ್ತಿದ್ದೆ. ಇಷ್ಟು ಸಣ್ಣದಾ ಅಂತ ಎಲ್ಲರೂ ಆಶ್ಚರ್ಯ ಪಡುತ್ತಿದ್ದರು.

ಕುಪ್ಪಸ ಹೊಲಿಯುವಾಕೆ, ಕಲಬುರಗಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಸಿಸ್ಟರ್ ಅಕ್ಕ, ನಿಮ್ಮ ಉತ್ತರವನ್ನು ಯಜಮಾನರಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಸುಮ್ನೆ ಕೇಳಿಸಿಕೊಂಡರು. ಕೊನೆಗೆ "ಮಾಸ್ತರ ಬರ್ದದ್ದು ಇನ್ನೊಮ್ಮಿ ಓದು" ಅಂದರು. ಓದಿದೆ. ದೀಪಾವಳಿಗೆ ಬರುವಾಗ ನಿರೋಧ್ ತಾನೇ ತರುತ್ತೇನೆ, ನೀನು ಯಾರನ್ನೂ ಕೇಳಬೇಡ ಅಂದರು. ನಮ್ಮ ಮದುವೆಯಾದ ಮೇಲೆ ಈ ವಿಷಯ ನಾವು ಬಾಯಿಬಿಟ್ಟು ಮಾತಾಡಿದ್ದು ಇದೇ ಮೊದಲು.

ಆದರೂ ನನಗೆ ವಂಕಿಯೇ ಬೇಕು ಅನಿಸಿದೆ. ಹೆರಿಗೆ ದಿನವೇ ಒಬ್ಬರು ಕೇಳಿದ್ದರು, ವಂಕಿ ಹಾಕಲಾ ಅಂತ. ನಾನು ನೋವಿನಲ್ಲಿದ್ದೆ, ಅತ್ತೆ ಬೇಡ ಅಂದರು, ಮುಗಿಯಿತು. ಬಸುರಿ ಇದ್ದಾಗ ತಾಯಿ ಕಾರ್ಡ್ ತಗೊಂಡು ಅಷ್ಟು ಸಲ ಹೋದೆನಲ್ಲ, ಆಗಲೇ ಯಾರಾದರೂ ಕೂರಿಸಿ ಹೇಳಿದ್ದರೆ ನಾನೇ ಹೂಂ ಅನ್ನುತ್ತಿದ್ದೆ.

ಮಗನಿಗೆ ಒಂಬತ್ತು ತಿಂಗಳ ದಡಾರ-ರುಬೆಲ್ಲಾ ಸೂಜಿ ಹಾಕಿಸಬೇಕು. ಆಶಾ ಅಕ್ಕ ಬರುವ ಗುರುವಾರ ಬಾ ಅಂದಿದ್ದಾರೆ. ಅವತ್ತೇ ರಕ್ತ ಪರೀಕ್ಷೆ ಮಾಡಿಸಿ, ವಂಕಿ ಬಗ್ಗೆಯೂ ಕೇಳುತ್ತೇನೆ. ಮೂರು ತಿಂಗಳು ಏನೇನು ಆಗಬಹುದು, ಹೆದರಿಕೆ ಆದರೆ ಯಾರಿಗೆ ಫೋನ್ ಮಾಡಬೇಕು ಅಂತ ಮೊದಲೇ ಕೇಳಿ, ಅಳತೆ ಬರೆಯುವ ವಹಿಯಲ್ಲಿ ಬರೆದುಕೊಂಡು ಬರುತ್ತೇನೆ. ನಾಲ್ಕು ತಿಂಗಳಿಗೆ ತೆಗೆಸಿದಾಕೆ ನಿನ್ನೆ ಕುಪ್ಪಸ ಒಯ್ಯಲು ಬಂದಿದ್ದಳು. ನಾನೂ ಬರ್ತೀನಿ ಗುರುವಾರ ಅಂದಿದ್ದಾಳೆ. ಆಕೆಗೆ ಎರಡನೇದು ಈಗ ಒಂದೂವರೆ ವರ್ಷದ್ದು.